ನಾಳೆಯ ಅಪರಾಧಕ್ಕೆ ಇಂದಿನ ಬಂಧನ: ಬ್ಯಾಕ್ಸ್‌ಟ್ರಮ್ ಪ್ರಕರಣ ಕಲಿಸಿದ ಪಾಠ

ಕಳೆದ ವರ್ಷ ನಮ್ಮ ಕೂಟದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ, ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬ ಯುವ ಮಿತ್ರರು ಹತ್ತಿರ ಬಂದು ಒಂದು ಪ್ರಶ್ನೆ ಕೇಳಿದರು. ಅಮೆರಿಕದ ಪೌರತ್ವ ಸಿಕ್ಕ ಎರಡನೆಯ ವರ್ಷಕ್ಕೇ ಅವರಿಗೆ ಜೂರಿ ಕೆಲಸಕ್ಕೆ ಕರೆ ಬಂದಿತ್ತು. ಆಯ್ಕೆಯ ಹಂತದಲ್ಲೇ ಅವರನ್ನು ಮನೆಗೆ ಕಳಿಸಿದರಂತೆ. ಆದರೆ ಪ್ರಕರಣ ಯಾವ ಬಗೆಯದು ಎಂದು ತಿಳಿದಾಗಿನಿಂದ ಅವರ ಮನಸ್ಸಿಗೆ ಸಮಾಧಾನವಿರಲಿಲ್ಲ.

"ಅಂಕಲ್, ಆ ಮನುಷ್ಯ ತನ್ನ ಶಿಕ್ಷೆ ಪೂರ್ತಿ ಅನುಭವಿಸಿದಾನೆ. ಆದ್ರೂ ಅವನನ್ನ ಬಿಡೋದು ಬೇಡ, ಮುಂದೆ ಮತ್ತೆ ಮಾಡ್ತಾನೆ ಅಂತ ಸರ್ಕಾರ ಹೇಳ್ತಿದೆ. ಅದಕ್ಕೆ ಡಾಕ್ಟರುಗಳು ಸಾಕ್ಷಿ. ನಿಜವಾಗ್ಲೂ ನಿಮಗೆ ಅದು ಗೊತ್ತಾಗತ್ತಾ?"

ತಟ್ಟೆ ಹಿಡಿದುಕೊಂಡು ಎರಡು ಮಾತಿನಲ್ಲಿ ಹೇಳುವ ಉತ್ತರ ನನ್ನಲ್ಲಿರಲಿಲ್ಲ. "ಮುಂದಿನ ಸಂಚಿಕೆಗೆ ಬರೀತೀನಿ, ಓದು" ಎಂದೆ. ಈ ಲೇಖನ ಆ ಮಾತು ಉಳಿಸಿಕೊಳ್ಳುವ ಪ್ರಯತ್ನ.

ನಾನು ಮನೋವೈದ್ಯನಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, 1980ರ ದಶಕದಲ್ಲಿ ಈ ದೇಶಕ್ಕೆ ಬಂದು, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಆಸ್ಪತ್ರೆಗಳಲ್ಲಿ ಸಾಮಾನ್ಯ ವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು. ಆದರೆ ಈ ರಾಜ್ಯದ ಕಾನೂನಿನ ಪ್ರಕಾರ, ಮನೋರೋಗಿಯೊಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಆಸ್ಪತ್ರೆಗೆ ಸೇರಿಸಲು ಇಬ್ಬರು ವೈದ್ಯರ ಸರ್ಟಿಫಿಕೇಟು ಬೇಕು. ಆ ಇಬ್ಬರೂ ಮನೋವೈದ್ಯರೇ ಆಗಿರಬೇಕೆಂಬ ನಿಯಮವಿಲ್ಲ. ಹಾಗಾಗಿ ಆ ಎರಡನೆಯ ಸಹಿ ಎಷ್ಟೋ ರಾತ್ರಿ ನನ್ನದಾಗಿತ್ತು. ಅಂಥ ಒಂದು ಸಹಿಯ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಇತಿಹಾಸ.

ಡ್ಯಾನೆಮೋರಾದ ಗೋಡೆ

ನಮ್ಮಲ್ಲಿ ಹಲವರು ಮಾಂಟ್ರಿಯಲ್‌ಗೆ ಕಾರಿನಲ್ಲಿ ಹೋಗುತ್ತೇವೆ. ಪ್ಲ್ಯಾಟ್ಸ್‌ಬರ್ಗ್ ಹತ್ತಿರ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದರೆ ಸ್ವಲ್ಪ ದೂರದಲ್ಲೇ ಡ್ಯಾನೆಮೋರಾ ಎಂಬ ಊರು ಸಿಗುತ್ತದೆ. ಊರಿನ ಮುಖ್ಯ ರಸ್ತೆಯ ಪಕ್ಕದಲ್ಲೇ ಕ್ಲಿಂಟನ್ ಸೆರೆಮನೆಯ ಎತ್ತರದ ಕಾಂಕ್ರೀಟ್ ಗೋಡೆ. ಒಂದು ಕಡೆ ಅಂಗಡಿ, ಮನೆ. ಇನ್ನೊಂದು ಕಡೆ ಗೋಡೆ. ಇಲ್ಲಿಯ ಚಳಿಗೆ ಜನ ಇಟ್ಟ ಹೆಸರು "ಪುಟ್ಟ ಸೈಬೀರಿಯ".

ಈ ಸೆರೆಮನೆಗೆ ಅಂಟಿಕೊಂಡಂತೆ 1900ರಲ್ಲಿ ಒಂದು ಆಸ್ಪತ್ರೆ ಶುರುವಾಯಿತು. ಶಿಕ್ಷೆ ಅನುಭವಿಸುತ್ತಿರುವಾಗ ಬುದ್ಧಿ ಕೆಟ್ಟ ಕೈದಿಗಳಿಗಾಗಿ ಅದನ್ನು ಕಟ್ಟಿದ್ದರು. ಹೆಸರು ಆಸ್ಪತ್ರೆಯಾದರೂ ಅದು ಆರೋಗ್ಯ ಇಲಾಖೆಗೆ ಸೇರಿರಲಿಲ್ಲ, ಸೆರೆಮನೆ ಇಲಾಖೆಯ ಕೈಯಲ್ಲಿತ್ತು. ಇದೇ ಬಗೆಯ ಇನ್ನೊಂದು ಆಸ್ಪತ್ರೆ ಹಡ್ಸನ್ ಕಣಿವೆಯ ಮ್ಯಾಟಿವಾನ್‌ನಲ್ಲಿತ್ತು. ಶಿಕ್ಷೆಯ ಅವಧಿ ಮುಗಿದ ಮೇಲೂ "ಇನ್ನೂ ರೋಗವಿದೆ, ಅಪಾಯವಿದೆ" ಎಂಬ ಕಾರಣಕ್ಕೆ ಇಲ್ಲಿ ಉಳಿದುಹೋದವರು ನೂರಾರು ಮಂದಿ.

ಇಲ್ಲಿ ಒಂದು ಪದವನ್ನು ಬಿಡಿಸಿ ಹೇಳಬೇಕು. ಮಾಡಿದ ತಪ್ಪಿಗೆ ಕೊಡುವುದು ಶಿಕ್ಷೆ. ಅದಕ್ಕೆ ಅವಧಿ ಇರುತ್ತದೆ. ಮನೋರೋಗ ಮತ್ತು ಮುಂದೆ ಆಗಬಹುದಾದ ಅಪಾಯದ ಕಾರಣಕ್ಕೆ ಬಲವಂತವಾಗಿ ಆಸ್ಪತ್ರೆಯಲ್ಲಿ ಇರಿಸುವುದಕ್ಕೆ ಸಿವಿಲ್ ಕಮಿಟ್‌ಮೆಂಟ್ ಎನ್ನುತ್ತಾರೆ. ಕಾನೂನಿನ ಕಣ್ಣಿಗೆ ಅದು ಶಿಕ್ಷೆಯಲ್ಲ, ಚಿಕಿತ್ಸೆ. ಆದ್ದರಿಂದ ಅದಕ್ಕೆ ಮೊದಲೇ ಗೊತ್ತುಮಾಡಿದ ಕೊನೆಯ ದಿನವಿಲ್ಲ. ನಮ್ಮ ಯುವ ಮಿತ್ರರನ್ನು ಕಾಡಿದ ವಿಷಯದ ಬೇರು ಇದೇ.

ಜಾನಿ ಬ್ಯಾಕ್ಸ್‌ಟ್ರಮ್

ಜಾನಿ ಬ್ಯಾಕ್ಸ್‌ಟ್ರಮ್ ಎಂಬ ಬಡವನಿಗೆ 1959ರಲ್ಲಿ ಹಲ್ಲೆಯ ಅಪರಾಧಕ್ಕಾಗಿ ಎರಡೂವರೆಯಿಂದ ಮೂರು ವರ್ಷದ ಶಿಕ್ಷೆಯಾಯಿತು. 1961ರ ಜೂನ್‌ನಲ್ಲಿ ಸೆರೆಮನೆಯ ವೈದ್ಯರು ಅವನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಬರೆದು ಡ್ಯಾನೆಮೋರಾ ಆಸ್ಪತ್ರೆಗೆ ಕಳಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಅವನ ಶಿಕ್ಷೆ ಮುಗಿಯಬೇಕಿತ್ತು. ಅದಕ್ಕೆ ಒಂದು ತಿಂಗಳು ಮೊದಲು ಆಸ್ಪತ್ರೆಯ ಮುಖ್ಯಸ್ಥರು, ಇವನನ್ನು ಸಿವಿಲ್ ರೋಗಿಯಾಗಿ ಮುಂದೆಯೂ ಇರಿಸಿಕೊಳ್ಳಬೇಕೆಂದು ಸ್ಥಳೀಯ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು.

ವಿಚಾರಣೆ ನಡೆದದ್ದು ನ್ಯಾಯಾಧೀಶರ ಖಾಸಗಿ ಕೋಣೆಯಲ್ಲಿ. ಬ್ಯಾಕ್ಸ್‌ಟ್ರಮ್ ಒಬ್ಬನೇ ನಿಂತಿದ್ದ, ಜೊತೆಗೆ ವಕೀಲರಿರಲಿಲ್ಲ. ಪ್ರಶ್ನೆ ಕೇಳಲು ಸ್ವಲ್ಪ ಹೊತ್ತು ಅವಕಾಶ ಸಿಕ್ಕಿತು. ಇಬ್ಬರು ವೈದ್ಯರ ಸರ್ಟಿಫಿಕೇಟು ಇತ್ತು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿವರ. ಅವನನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗೆ ಕಳಿಸಲು ತಮ್ಮ ಅಭ್ಯಂತರವಿಲ್ಲವೆಂದು ಆ ನ್ಯಾಯಾಧೀಶರೇ ಹೇಳಿದರು. ಆದರೆ ಆ ತೀರ್ಮಾನ ಅವರ ಕೈಯಲ್ಲಿರಲಿಲ್ಲ, ಮಾನಸಿಕ ಆರೋಗ್ಯ ಇಲಾಖೆಯದಾಗಿತ್ತು. ಇಲಾಖೆಯವರು ಅವನ ಮಾತನ್ನು ಕೇಳದೆಯೇ, ಈತ ಸಾಮಾನ್ಯ ಆಸ್ಪತ್ರೆಗೆ ಯೋಗ್ಯನಲ್ಲ ಎಂದು ಮೊದಲೇ ನಿರ್ಧರಿಸಿಬಿಟ್ಟಿದ್ದರು. ಶಿಕ್ಷೆ ಮುಗಿಯಿತು. ಅವನು ಮಾತ್ರ ಅದೇ ಗೋಡೆಯ ಒಳಗೆ ಉಳಿದ. ಕಾಗದಪತ್ರದಲ್ಲಿ ಅವನೀಗ ಕೈದಿಯಲ್ಲ, ರೋಗಿ.

ಅವನು ಬಿಡಲಿಲ್ಲ. ಮತ್ತೆ ಮತ್ತೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ. ರಾಜ್ಯದ ನ್ಯಾಯಾಲಯಗಳು ತಳ್ಳಿಹಾಕಿದವು. ಕೊನೆಗೆ ಪ್ರಕರಣ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. 1966ರ ಫೆಬ್ರವರಿ 23ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ತೀರ್ಪು ಬರೆದರು. ಅದರ ಸಾರ ಸರಳ. ನ್ಯೂಯಾರ್ಕಿನಲ್ಲಿ ಬೇರೆ ಯಾರನ್ನೇ ಬಲವಂತವಾಗಿ ಮಾನಸಿಕ ಆಸ್ಪತ್ರೆಗೆ ಸೇರಿಸಿದರೂ ಅವರು ಜೂರಿಯ ಮುಂದೆ ಪ್ರಶ್ನಿಸಬಹುದು. ಅಪಾಯಕಾರಿ ರೋಗಿ ಎಂದು ಇಂಥ ಆಸ್ಪತ್ರೆಗೆ ಹಾಕುವ ಮುನ್ನ ನ್ಯಾಯಾಲಯ ಆ ಅಪಾಯವನ್ನು ಪರಿಶೀಲಿಸಬೇಕು. ಶಿಕ್ಷೆ ಮುಗಿಸುತ್ತಿರುವ ಕೈದಿಗೆ ಮಾತ್ರ ಇವೆರಡೂ ಇಲ್ಲವೆಂದರೆ, ಅದು ಸಂವಿಧಾನ ಕೊಟ್ಟ ಸಮಾನ ರಕ್ಷಣೆಯ ಹಕ್ಕಿಗೆ ವಿರುದ್ಧ.

ಯಾರೂ ಯೋಜಿಸದ ಒಂದು ಪ್ರಯೋಗ

ತೀರ್ಪು ಒಬ್ಬನಿಗೆ ಬಂದರೂ ಅದೇ ಸ್ಥಿತಿಯಲ್ಲಿದ್ದವರು ಡ್ಯಾನೆಮೋರಾ ಮತ್ತು ಮ್ಯಾಟಿವಾನ್ ಎರಡೂ ಕಡೆ ಸೇರಿ 967 ಮಂದಿ. ಕೆಲವೇ ತಿಂಗಳಲ್ಲಿ ಅವರನ್ನೆಲ್ಲ ರಾಜ್ಯದ ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ವರ್ಗಾಯಿಸಬೇಕಾಯಿತು. ಆ ಆಸ್ಪತ್ರೆಗಳ ಸಿಬ್ಬಂದಿಗೆ ಭಯ. ಇಲ್ಲಿಯತನಕ "ಬಿಟ್ಟರೆ ಅಪಾಯ" ಎಂದು ವೈದ್ಯರೇ ಬರೆದುಕೊಟ್ಟವರು ಸಾಲಾಗಿ ಬರುತ್ತಿದ್ದಾರೆಂದರೆ ಯಾರಿಗಾದರೂ ಭಯವೇ.

ಏನಾಯಿತು? ಹೆನ್ರಿ ಸ್ಟೆಡ್‌ಮನ್ ಮತ್ತು ಜೋಸೆಫ್ ಕೊಕೋಝಾ ಎಂಬ ಸಮಾಜವಿಜ್ಞಾನಿಗಳು ಇವರ ಮುಂದಿನ ನಾಲ್ಕು ವರ್ಷದ ಬದುಕನ್ನು ಹಿಂಬಾಲಿಸಿ ನೋಡಿದರು. 1974ರಲ್ಲಿ ಅವರ ಪುಸ್ತಕ ಹೊರಬಂತು. 967 ಮಂದಿಯಲ್ಲಿ ಮತ್ತೆ ಆ ಹಳೆಯ ಬಗೆಯ ಬಿಗಿ ಆಸ್ಪತ್ರೆಗೆ ಹಿಂದಿರುಗಬೇಕಾದವರು ಕೇವಲ 26 ಮಂದಿ. ಆಸ್ಪತ್ರೆಯ ಒಳಗಾಗಲಿ ಹೊರಗಾಗಲಿ ಇನ್ನೊಬ್ಬರ ಮೇಲೆ ಕೈ ಮಾಡಿದವರು ಸುಮಾರು ಐವರಲ್ಲಿ ಒಬ್ಬರು. ಉಳಿದ ನಾಲ್ವರು ಯಾರಿಗೂ ಹಾಗೆ ತೊಂದರೆ ಕೊಡಲಿಲ್ಲ.

ಇದೊಂದೇ ಆಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. 1971ರಲ್ಲಿ ಪೆನ್ಸಿಲ್ವೇನಿಯದ ಫೇರ್‌ವ್ಯೂ ಆಸ್ಪತ್ರೆಯಲ್ಲೂ ನ್ಯಾಯಾಲಯದ ಆದೇಶದಿಂದ ಇದೇ ನಡೆಯಿತು. ಅಲ್ಲಿ ವರ್ಗಾವಣೆಯಾದವರು 586 ಮಂದಿ. ನಾಲ್ಕು ವರ್ಷದಲ್ಲಿ ಹಿಂಸೆಗೆ ಇಳಿದವರು ಶೇಕಡಾ 14ರಷ್ಟು. ಎರಡು ರಾಜ್ಯ, ಎರಡು ಬೇರೆ ಗುಂಪು, ಉತ್ತರ ಹೆಚ್ಚುಕಡಿಮೆ ಒಂದೇ.

ನ್ಯಾಯವಾಗಿ ಹೇಳಬೇಕೆಂದರೆ, ಈ ಜನರಲ್ಲಿ ಹೆಚ್ಚಿನವರು ನಡುವಯಸ್ಸಿಗೆ ಬಂದವರು, ವರ್ಷಗಟ್ಟಲೆ ಒಳಗಿದ್ದು ಸೋತವರು. ವಯಸ್ಸಾದಂತೆ ಹಿಂಸೆ ಕಡಿಮೆಯಾಗುವುದು ಎಲ್ಲ ಕಡೆ ಕಂಡ ಸಂಗತಿ. ಹಾಗೆಯೇ ಐವರಲ್ಲಿ ಒಬ್ಬ ಎಂಬುದೂ ಸಣ್ಣ ಸಂಖ್ಯೆಯಲ್ಲ. ಪೆಟ್ಟು ತಿಂದವನಿಗೆ ಅದು ನೂರಕ್ಕೆ ನೂರು. ಆದರೂ ಒಂದು ಮಾತು ಉಳಿಯುತ್ತದೆ. ಈ ಮನುಷ್ಯರಿಗೆ ವಯಸ್ಸಾಗಿದೆ, ಇವರು ಬದಲಾಗಿದ್ದಾರೆ ಎಂದು ಅವರನ್ನು ದಿನವೂ ನೋಡುತ್ತಿದ್ದ ವೈದ್ಯರಿಗೆ ಕಾಣಲಿಲ್ಲ. ಫೈಲಿನ ಮೇಲೆ ಒಮ್ಮೆ ಬಿದ್ದ "ಅಪಾಯಕಾರಿ" ಎಂಬ ಮುದ್ರೆಯನ್ನು ಪ್ರತಿ ವರ್ಷ ನಕಲು ಮಾಡುತ್ತಾ ಹೋದರು.

ತಪ್ಪು ತಿಳಿಯುವ ದಾರಿಯೇ ಇಲ್ಲದ ರೋಗನಿರ್ಣಯ

ನುರಿತ ವೈದ್ಯರು ಇಷ್ಟು ತಪ್ಪುವುದು ಹೇಗೆ? ಮೊದಲ ಕಾರಣ ಗಣಿತ. ಸಾವಿರ ಜನರಲ್ಲಿ ಹತ್ತು ಮಂದಿ ಮುಂದೆ ಹಿಂಸೆ ಮಾಡುವವರು ಎಂದಿಟ್ಟುಕೊಳ್ಳಿ. ನಮ್ಮ ಕೈಯಲ್ಲಿ ನೂರಕ್ಕೆ 90 ಸಲ ಸರಿಯಾಗಿ ಹೇಳುವ ಪರೀಕ್ಷೆಯಿದೆ ಎಂದೂ ಇಟ್ಟುಕೊಳ್ಳಿ. ಆ ಹತ್ತರಲ್ಲಿ 9 ಮಂದಿ ಸಿಕ್ಕುತ್ತಾರೆ. ಉಳಿದ 990 ನಿರಪಾಯಿಗಳಲ್ಲಿ 99 ಮಂದಿಯನ್ನೂ ಅದೇ ಪರೀಕ್ಷೆ ಅಪಾಯಕಾರಿ ಎನ್ನುತ್ತದೆ. ಒಟ್ಟು 108 ಮಂದಿಯನ್ನು ಒಳಗೆ ಹಾಕಿದರೆ ಅದರಲ್ಲಿ ಸರಿಯಾದವರು 9. ಅಪರೂಪದ ರೋಗವನ್ನು ಊರಿಗೆಲ್ಲ ಪರೀಕ್ಷೆ ಮಾಡಿ ಹುಡುಕಿದರೆ ಏನಾಗುತ್ತದೆಂದು ಎಲ್ಲ ವೈದ್ಯರೂ ಓದಿರುತ್ತೇವೆ. ಹಿಂಸೆಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂದು ಪಾಲ್ ಮೀಲ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ಸಹೋದ್ಯೋಗಿಗಳೊಂದಿಗೆ 1968ರಲ್ಲೇ ಬರೆದು ತೋರಿಸಿದ್ದರು.

ಎರಡನೆಯ ಕಾರಣ ನನಗೆ ಇನ್ನೂ ಮುಖ್ಯವೆನಿಸುತ್ತದೆ. ನಾನು ನ್ಯುಮೋನಿಯಾ ಎಂದು ಬರೆದರೆ ಎಕ್ಸ್‌ರೇ ನನ್ನನ್ನು ತಿದ್ದುತ್ತದೆ. ಗಡ್ಡೆ ಎಂದರೆ ಬಯಾಪ್ಸಿ ತಿದ್ದುತ್ತದೆ. "ಇವನನ್ನು ಬಿಟ್ಟರೆ ಯಾರಿಗಾದರೂ ಹೊಡೆಯುತ್ತಾನೆ" ಎಂದು ಬರೆದು ಬೀಗ ಹಾಕಿಸಿದರೆ ನನ್ನನ್ನು ತಿದ್ದುವವರು ಯಾರು? ಒಳಗಿರುವವನು ತಾನು ಹೊಡೆಯುವವನಲ್ಲ ಎಂದು ಸಾಬೀತು ಮಾಡುವುದು ಹೇಗೆ? ಬಿಟ್ಟವನು ಕೊಲೆ ಮಾಡಿದರೆ ಮರುದಿನದ ಪತ್ರಿಕೆಯಲ್ಲಿ ವೈದ್ಯನ ಹೆಸರು ಬರುತ್ತದೆ. ಬಿಡಬಹುದಾಗಿದ್ದವನು ಒಳಗೇ ಮುದುಕನಾದರೆ ಅದು ಎಲ್ಲೂ ಸುದ್ದಿಯಾಗುವುದಿಲ್ಲ. ಆದ್ದರಿಂದ ವೈದ್ಯ ಯಾವ ಕಡೆ ತಪ್ಪುತ್ತಾನೆ ಎಂಬುದು ಮೊದಲೇ ಗೊತ್ತಿರುವ ವಿಷಯ. ಬ್ಯಾಕ್ಸ್‌ಟ್ರಮ್ ತೀರ್ಪಿನ ದೊಡ್ಡ ಉಪಕಾರ ಇಲ್ಲಿದೆ: ಬೀಗ ತೆಗೆದು ನೋಡುವ ಧೈರ್ಯ ಯಾವ ವೈದ್ಯನಿಗೂ ಇಲ್ಲದಿದ್ದಾಗ ನ್ಯಾಯಾಲಯ ಅದನ್ನು ಮಾಡಿಸಿತು. ಹಗ್ಗವನ್ನು ಹಾವೆಂದು ಎಷ್ಟು ಸಲ ಕಂಡಿದ್ದೆವು ಎಂದು ದೀಪ ಹಚ್ಚಿದ ಮೇಲೆ ತಿಳಿಯಿತು.

ಎರಡು ಕಡೆಯ ತಪ್ಪುಗಳು

ಇಷ್ಟು ಹೇಳಿ, ವೈದ್ಯರ ಭಯವೆಲ್ಲ ಸುಳ್ಳು ಎಂದುಬಿಟ್ಟರೆ ಅದೂ ಅನ್ಯಾಯ. ಬರ್ಕ್ಲಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಯೊಬ್ಬ ತನ್ನನ್ನು ಒಲ್ಲದ ಒಬ್ಬ ಯುವತಿಯನ್ನು ಕೊಲ್ಲುವ ಮಾತನ್ನು ತನಗೆ ಚಿಕಿತ್ಸೆ ಕೊಡುತ್ತಿದ್ದ ಮನಶ್ಶಾಸ್ತ್ರಜ್ಞರ ಮುಂದೆ ಆಡಿದ. ಅವರು ಅದನ್ನು ನಂಬಿ, ಇವನನ್ನು ಆಸ್ಪತ್ರೆಗೆ ಸೇರಿಸಬೇಕೆಂದು ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದರು. ಪೊಲೀಸರು ವಿಚಾರಿಸಿ, ಸರಿಯಾಗಿಯೇ ಮಾತಾಡುತ್ತಾನೆ ಎಂದು ಬಿಟ್ಟರು. ಆ ಯುವತಿಗೆ ಯಾರೂ ಹೇಳಲಿಲ್ಲ. 1969ರ ಅಕ್ಟೋಬರ್ 27ರಂದು ಅವಳ ಕೊಲೆಯಾಯಿತು. ಅವಳ ತಂದೆತಾಯಿ ಹೂಡಿದ ತಾರಾಸಾಫ್ ಪ್ರಕರಣದಲ್ಲಿ 1976ರಲ್ಲಿ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟು, ಇಂಥ ಅಪಾಯ ಕಂಡಾಗ ಗುರಿಯಾದ ವ್ಯಕ್ತಿಯನ್ನು ಕಾಪಾಡುವ ಹೊಣೆ ಚಿಕಿತ್ಸಕನ ಮೇಲಿದೆ ಎಂದಿತು. ಈ ದೇಶದಲ್ಲಿ ರೆಸಿಡೆನ್ಸಿ ಮಾಡಿದ ಯಾವ ಭಾರತೀಯ ವೈದ್ಯನೂ ಈ ಹೆಸರು ಕೇಳದೆ ಇರಲಾರ.

ಇನ್ನೊಂದು ಕಡೆ ಟೆಕ್ಸಸ್. ಅಲ್ಲಿ ಮರಣದಂಡನೆ ಕೊಡುವ ಮೊದಲು ಜೂರಿ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಒಂದು, ಈತ ಮುಂದೆಯೂ ಹಿಂಸೆ ಮಾಡಿ ಸಮಾಜಕ್ಕೆ ಕಂಟಕವಾಗುವ ಸಂಭವವಿದೆಯೇ ಎಂಬುದು. ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದ ಥಾಮಸ್ ಬೇರ್‌ಫುಟ್ ಎಂಬುವನ ವಿಚಾರಣೆಯಲ್ಲಿ ಇಬ್ಬರು ಮನೋವೈದ್ಯರು, ಅವನನ್ನು ಒಮ್ಮೆಯೂ ಪರೀಕ್ಷಿಸದೆ, ಮುಂದೆಯೂ ಹಿಂಸೆ ಮಾಡುತ್ತಾನೆ ಎಂದು ಸಾಕ್ಷಿ ಹೇಳಿದರು. ಅವರಲ್ಲಿ ಒಬ್ಬರಾದ ಜೇಮ್ಸ್ ಗ್ರಿಗ್‌ಸನ್ ನೂರಕ್ಕೆ ನೂರು ಖಚಿತ ಎಂದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ಅಮೆರಿಕದ ಮನೋವೈದ್ಯರ ಸಂಘವೇ ಮುಂದೆ ಬಂದು, ದೀರ್ಘಕಾಲದ ಇಂಥ ಭವಿಷ್ಯ ನುಡಿಯುವಾಗ ನಾವು ಮೂರರಲ್ಲಿ ಎರಡು ಸಲ ತಪ್ಪುತ್ತೇವೆ ಎಂದು ಒಪ್ಪಿಕೊಂಡಿತು. ಆದರೂ 1983ರಲ್ಲಿ ನ್ಯಾಯಾಲಯ ಆ ಸಾಕ್ಷ್ಯವನ್ನು ಉಳಿಸಿತು. ಯಾವಾಗಲೂ ತಪ್ಪುವುದಿಲ್ಲವಲ್ಲ, ಸರಿ ತಪ್ಪು ಜೂರಿ ನೋಡಿಕೊಳ್ಳಲಿ ಎಂಬುದು ಅದರ ವಾದ. 1984ರ ಅಕ್ಟೋಬರ್‌ನಲ್ಲಿ ಬೇರ್‌ಫುಟ್‌ಗೆ ಮರಣದಂಡನೆಯಾಯಿತು. ಗ್ರಿಗ್‌ಸನ್ ಅವರನ್ನು ಸಂಘ 1995ರಲ್ಲಿ ಹೊರಹಾಕಿತು.

ನಮ್ಮ ಕಾಲದ ಕಾನೂನು

1990ರಲ್ಲಿ ವಾಷಿಂಗ್ಟನ್ ರಾಜ್ಯ ಹೊಸ ಬಗೆಯ ಕಾನೂನು ತಂದಿತು. ಲೈಂಗಿಕ ಅಪರಾಧಿಗಳ ಶಿಕ್ಷೆ ಮುಗಿಯುವ ಹೊತ್ತಿಗೆ, ಮತ್ತೆ ಮಾಡುವ ಸಂಭವವಿರುವವರನ್ನು ಸಿವಿಲ್ ಕಮಿಟ್‌ಮೆಂಟ್ ಮೂಲಕ ಒಳಗೇ ಇರಿಸಬಹುದು. ಇಂದು ಸುಮಾರು 20 ರಾಜ್ಯಗಳಲ್ಲಿ ಇಂಥ ಕಾನೂನಿದೆ. ಕ್ಯಾನ್ಸಾಸ್‌ನ ಕಾನೂನನ್ನು ಲಿರಾಯ್ ಹೆಂಡ್ರಿಕ್ಸ್ ಎಂಬುವನು ಪ್ರಶ್ನಿಸಿದ. ದಶಕಗಳ ಕಾಲ ಮಕ್ಕಳಿಗೆ ಹಿಂಸೆ ಕೊಟ್ಟವನು. ಮತ್ತೆ ಹಾಗೆ ಮಾಡುವುದಿಲ್ಲವೆಂಬ ಖಾತರಿ ತನ್ನ ಸಾವು ಮಾತ್ರ ಎಂದು ಅವನೇ ನ್ಯಾಯಾಲಯದಲ್ಲಿ ಹೇಳಿದ. ಇಂಥವನನ್ನು ಬಿಡಿ ಎಂದು ಹೇಳಲು ಅಜ್ಜನಾದ ನನಗೂ ಬಾಯಿ ಬರುವುದಿಲ್ಲ. 1997ರಲ್ಲಿ ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು.

ಆದರೆ ಒಬ್ಬ ಹೆಂಡ್ರಿಕ್ಸ್‌ಗಾಗಿ ತೆರೆದ ಬಾಗಿಲಿನಿಂದ ಎಷ್ಟು ಮಂದಿ ಒಳಗೆ ಹೋಗುತ್ತಾರೆ? ಮಿನಸೋಟವನ್ನು ನೋಡಿ. ಅಲ್ಲಿ 700ಕ್ಕೂ ಹೆಚ್ಚು ಮಂದಿ ಹೀಗೆ ಒಳಗಾದರು. 2015ರಲ್ಲಿ ಫೆಡರಲ್ ನ್ಯಾಯಾಧೀಶ ಡೊನೊವನ್ ಫ್ರಾಂಕ್ ಆ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಾಗ ಹೊರಬಂದ ಸಂಗತಿಯೆಂದರೆ, 20 ವರ್ಷದಲ್ಲಿ ಒಬ್ಬನನ್ನೂ ಪೂರ್ತಿ ಬಿಡುಗಡೆ ಮಾಡಿರಲಿಲ್ಲ. ಅವರು ಇನ್ನೂ ಅಪಾಯಕಾರಿಗಳೇ ಎಂದು ಕಾಲಕಾಲಕ್ಕೆ ನೋಡುವ ವ್ಯವಸ್ಥೆಯೂ ಇರಲಿಲ್ಲ. 2017ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಡ್ಯಾನೆಮೋರಾದ ಮುದ್ರೆ ನೆನಪಾಗುತ್ತದೆ.

ನಮ್ಮ ನ್ಯೂಯಾರ್ಕಿನ ಕಾನೂನು ಬಂದದ್ದು 2007ರಲ್ಲಿ. ಇಲ್ಲಿ ಜೂರಿ ಇದೆ. ಆ ವ್ಯಕ್ತಿಗೆ ಕಾನೂನು ಹೇಳುವ ಬಗೆಯ ಮಾನಸಿಕ ದೋಷವಿದೆಯೇ ಎಂದು ಜೂರಿಯವರೆಲ್ಲ ಒಮ್ಮತದಿಂದ ಹೇಳಬೇಕು. ಆಮೇಲೆ ಒಳಗಿರಬೇಕೇ, ಬಿಗಿ ನಿಗಾದಲ್ಲಿ ಹೊರಗಿರಬಹುದೇ ಎಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ವರ್ಷಕ್ಕೊಮ್ಮೆ ಮರುಪರೀಕ್ಷೆ ಆಗಬೇಕು. ನಮ್ಮ ಯುವ ಮಿತ್ರರನ್ನು ಕರೆದದ್ದು ಇಂಥ ಜೂರಿಗೆ. 1961ರಲ್ಲಿ ಬ್ಯಾಕ್ಸ್‌ಟ್ರಮ್‌ಗೆ ಸಿಗದಿದ್ದುದು ಅದೇ.

ಹಾಗಾದರೆ ಇಂದಿನ ವೈದ್ಯರಿಗೆ ಗೊತ್ತಾಗುತ್ತದೆಯೇ? ಮೊದಲಿಗಿಂತ ಸ್ವಲ್ಪ ಹೆಚ್ಚು. 1993ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್‌ನ ಅಧ್ಯಯನವೊಂದರಲ್ಲಿ, ತುರ್ತು ಚಿಕಿತ್ಸೆಗೆ ಬಂದವರ ಪೈಕಿ ವೈದ್ಯರಿಗೆ ಆತಂಕ ಹುಟ್ಟಿಸಿದವರಲ್ಲಿ ಶೇಕಡಾ 53 ಮಂದಿ ಮುಂದಿನ ಆರು ತಿಂಗಳಲ್ಲಿ ಹಿಂಸೆ ಮಾಡಿದರು; ಆತಂಕ ಹುಟ್ಟಿಸದವರಲ್ಲಿ ಶೇಕಡಾ 36. ಕಣ್ಣುಮುಚ್ಚಿ ಹೇಳುವುದಕ್ಕಿಂತ ಮೇಲು, ಖಚಿತತೆಗೆ ಬಹಳ ದೂರ. ಹೆಂಗಸರ ವಿಷಯದಲ್ಲಂತೂ ನಾಣ್ಯ ಚಿಮ್ಮಿದಷ್ಟೇ. ಆಮೇಲೆ ವಯಸ್ಸು, ಹಿಂದಿನ ಹಿಂಸೆ, ಕುಡಿತ, ಮಾದಕ ವಸ್ತು ಮುಂತಾದವನ್ನು ಅಂಕಗಳಲ್ಲಿ ಎಣಿಸುವ ಪಟ್ಟಿಗಳು ಬಂದವು. ಅವು ವೈದ್ಯನ ಅಂದಾಜಿಗಿಂತ ಸಾಮಾನ್ಯವಾಗಿ ಮೇಲು. ಆದರೆ ಅವು ಹೇಳುವುದು ಇಂಥ ನೂರು ಮಂದಿಯಲ್ಲಿ ಎಷ್ಟು ಮಂದಿ ಎಂಬುದನ್ನು. ಎದುರಿಗೆ ಕೂತವನು ಆ ನೂರರಲ್ಲಿ ಯಾವ ಕಡೆಯವನು ಎಂದು ಹೇಳಲಾರವು.

ಒಂದು ಸಹಿ

1980ರ ದಶಕದ ಕೊನೆಯ ಒಂದು ಚಳಿಗಾಲದ ರಾತ್ರಿ. ಒಂದು ಚಿಕ್ಕ ಊರಿನ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ. ಐವತ್ತರ ಆಸುಪಾಸಿನ ಒಬ್ಬನನ್ನು ಪೊಲೀಸರು ಕರೆತಂದರು. ಗೋಡೆಯ ಆಚೆಯಿಂದ ಪಕ್ಕದ ಮನೆಯವರು ತನ್ನ ಬಗ್ಗೆ ಪಿಸುಗುಟ್ಟುತ್ತಾರೆ ಎಂದು ಅವನು ಬಾಗಿಲು ಬಡಿದು ಬೆದರಿಸಿದ್ದ. ಹಿಂದೆ ಹಲ್ಲೆಗಾಗಿ ಸೆರೆಮನೆ ಕಂಡವನು. ಮೊದಲ ಸರ್ಟಿಫಿಕೇಟು ತಯಾರಿತ್ತು, ಎರಡನೆಯದು ನನ್ನದು. ಅವನ ಜೊತೆ ಹದಿನೈದು ನಿಮಿಷ ಮಾತಾಡಿದೆ. ಹೊರಗೆ ಇನ್ನೂ ಆರು ರೋಗಿಗಳು ಕಾಯುತ್ತಿದ್ದರು.

ನಾನು ಬರೆಯುವುದನ್ನು ನೋಡುತ್ತಾ ಅವನು ಕೇಳಿದ: "ಡಾಕ್ಟರ್, ನಾಳೆ ನಾನು ಏನು ಮಾಡ್ತೀನಿ ಅಂತ ನನಗೇ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತು?" ನಾನು ಉತ್ತರ ಕೊಡಲಿಲ್ಲ. ಸಹಿ ಹಾಕಿದೆ. ಆ ಸಹಿಯ ಬಲದಿಂದ ಅವನನ್ನು 60 ದಿನದವರೆಗೆ ಇರಿಸಿಕೊಳ್ಳಬಹುದಿತ್ತು.

ಅವನು ಹುಷಾರಾದನೇ, ಎಷ್ಟು ದಿನ ಒಳಗಿದ್ದ, ಹೊರಬಂದ ಮೇಲೆ ಏನಾದ, ನನಗೆ ತಿಳಿಯಲಿಲ್ಲ. ವಿಚಾರಿಸಲೂ ಇಲ್ಲ. ಆ ರಾತ್ರಿಯ ಸಹಿ ತಪ್ಪೆಂದು ಇಂದಿಗೂ ಅನಿಸುವುದಿಲ್ಲ. ಅಂಥ ಸ್ಥಿತಿಯಲ್ಲಿದ್ದವನನ್ನು ಅದೇ ಬಾಗಿಲಿಗೆ ವಾಪಸ್ ಕಳಿಸಲು ಮನಸ್ಸು ಬರುತ್ತಿರಲಿಲ್ಲ. ನನ್ನನ್ನು ಚುಚ್ಚುವುದು ಆ ವಿಚಾರಿಸದೆ ಬಿಟ್ಟದ್ದು. ಜ್ವರಕ್ಕೆ ಔಷಧಿ ಕೊಟ್ಟವರನ್ನು ಮೂರು ದಿನ ಬಿಟ್ಟು ಬರಹೇಳುತ್ತಿದ್ದೆ. ಒಬ್ಬನ ಸ್ವಾತಂತ್ರ್ಯಕ್ಕೆ ಬೀಗ ಹಾಕಿಸಿದ ಸಹಿಯ ಫಲ ಏನಾಯಿತೆಂದು ಒಂದು ಫೋನು ಮಾಡಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಮಗಳ ಮನೆಗೆಂದು ಮಾಂಟ್ರಿಯಲ್‌ಗೆ ಹೋಗುವಾಗ ಡ್ಯಾನೆಮೋರಾಕ್ಕೆ ಹೋಗಿದ್ದೆವು. ಆ ಆಸ್ಪತ್ರೆ 1970ರ ದಶಕದಲ್ಲೇ ಮುಚ್ಚಿತು. ಅದರ ಕಟ್ಟಡಗಳು ಈಗ ಸೆರೆಮನೆಯ ಭಾಗ. ಗೋಡೆಯ ಎದುರು ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದೆ. "ಇಲ್ಲಿ ನೋಡೋದಕ್ಕೆ ಏನಿದೆ?" ಎಂದು ನನ್ನ ಹೆಂಡತಿ ಕೇಳಿದಳು. ದಾರಿಯುದ್ದಕ್ಕೂ ಬ್ಯಾಕ್ಸ್‌ಟ್ರಮ್ ಕಥೆ ಹೇಳಿದೆ.

ಈಗ ನನ್ನ ಯುವ ಮಿತ್ರರಿಗೆ ಉತ್ತರ. ಇಲ್ಲಪ್ಪ, ನಮಗೆ ಗೊತ್ತಾಗುವುದಿಲ್ಲ. ಒಂದಿಷ್ಟು ಅಂದಾಜು ಮಾಡಬಲ್ಲೆವು. ಆ ಅಂದಾಜಿನ ಮೇಲೆ ಕೆಲವೊಮ್ಮೆ ಬೀಗ ಹಾಕಲೇಬೇಕಾಗುತ್ತದೆ, ಯಾಕೆಂದರೆ ಬೀದಿಯಲ್ಲಿ ಓಡಾಡುವವರೂ ಯಾರದೋ ಮಕ್ಕಳೇ. ಆದರೆ ಹಾಕಿದ ಬೀಗಕ್ಕೆ ಒಂದು ತಾರೀಖು ಇರಬೇಕು. ಆ ತಾರೀಖು ಬಂದಾಗ, ಮೊದಲು ಬೀಗ ಹಾಕಿದವರನ್ನು ಬಿಟ್ಟು ಬೇರೆಯವರು ಹೊಸದಾಗಿ ನೋಡಬೇಕು. ಮುಂದೆ ಎಂದಾದರೂ ನಿನ್ನನ್ನು ಆ ಜೂರಿಯಲ್ಲಿ ಕೂರಿಸಿದರೆ, ಸಾಕ್ಷಿ ಹೇಳಲು ಬಂದ ವೈದ್ಯರು ಎಷ್ಟು ಖಚಿತವಾಗಿ ಮಾತಾಡುತ್ತಾರೆ ಎಂಬುದಕ್ಕೆ ಮರುಳಾಗಬೇಡ. ಆ ಮನುಷ್ಯನನ್ನು ಅವರು ಎಷ್ಟು ಹೊತ್ತು ನೋಡಿದರು, ಕೊನೆಯ ಸಲ ನೋಡಿದ್ದು ಯಾವಾಗ ಎಂಬುದನ್ನು ಗಮನವಿಟ್ಟು ಕೇಳಿಸಿಕೋ. ನನ್ನನ್ನು ಆ ರಾತ್ರಿ ಯಾರಾದರೂ ಹಾಗೆ ಕೇಳಿದ್ದರೆ ಹದಿನೈದು ನಿಮಿಷ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.